ಲೋಡಿನ ಮೇಲೆ ಮಾತ್ರ ಸೋರುವ ಮ್ಯಾನಿಫೋಲ್ಡ್

ಇಂಜಿನ್ ಎಂದೂ ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ಹೇಳಿದರೆ ಹೊಸದಾಗಿ ಗ್ಯಾರೇಜಿಗೆ ಸೇರುವವರು ನಂಬಬೇಡಿ. ಇಂಜಿನ್ ಚೆನ್ನಾಗಿಯೇ ಸುಳ್ಳು ಹೇಳುತ್ತದೆ. ಮಾಲಕನ ಮುಂದೆ ಒಂದು ಹೇಳುತ್ತದೆ, ಡ್ರೈವರನ ಮುಂದೆ ಇನ್ನೊಂದು. ಮಿಸ್ತ್ರಿ ಬಾನೆಟ್ ಎತ್ತಿದ ಕೂಡಲೇ ಏನೂ ಆಗಿಯೇ ಇಲ್ಲ ಎನ್ನುವಂತೆ ಓಡುತ್ತದೆ. ನಾನು ಕೊಲ್ಹಾಪುರದಲ್ಲಿ ಕೆಲಸ ಕಲಿತೆ, ಗಡಹಿಂಗ್ಲಜದಲ್ಲಿ ಕೆಲಕಾಲ ಸ್ವಂತ ಶೆಡ್ ಹಾಕಿಕೊಂಡಿದ್ದೆ, ಉಳಿದ ಆಯುಷ್ಯವನ್ನೆಲ್ಲ ಇಚಲಕರಂಜಿಯ ಲಾರಿಗಳ ಕೆಳಗೆ ಅಂಗಾತ ಮಲಗಿ ಕಳೆದೆ. ಈಗ ಮಂಡಿ ಮಾತು ಕೇಳುವುದಿಲ್ಲ. ನಮ್ಮೂರು ನೂಲದಲ್ಲಿ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಐಟಿಐ ಮುಗಿಸಿದ ಊರಿನ ಹುಡುಗರು ಬಂದು, "ಸ್ಕ್ಯಾನರ್ ಇಲ್ದ ನೀವೆಲ್ಲ ಹೆಂಗ ಹಿಡೀತಿದ್ರಿ ಕಾಕಾ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಲ್ಲವನ್ನೂ ಬರೆಯಲಾರೆ, ನನ್ನನ್ನು ಅತಿ ಹೆಚ್ಚು ಕಾಡಿದ ಒಂದೇ ಒಂದು ಭಾಗದ ಬಗ್ಗೆ ಬರೆಯುತ್ತೇನೆ. ಅದು ಇನ್‌ಟೇಕ್ ಮ್ಯಾನಿಫೋಲ್ಡ್.

ಹೆಸರು ದೊಡ್ಡದು, ಕೆಲಸ ಸಣ್ಣದು. ಕಬ್ಬಿನ ಹೊಲದಲ್ಲಿ ಒಂದು ಕಾಲುವೆಯಿಂದ ನೀರು ಬಂದು ಸಾಲು ಸಾಲಿಗೆ ಹಂಚಿಹೋಗುತ್ತದಲ್ಲ, ಹಾಗೆ ಒಂದು ಬಾಯಿಯಿಂದ ಗಾಳಿ ತೆಗೆದುಕೊಂಡು ಎಲ್ಲ ಸಿಲಿಂಡರಿಗೂ ಹಂಚುವ ಎರಕದ ಪೈಪು ಅದು. ಇಂಜಿನ್ನಿನ ಹೆಡ್ಡಿಗೆ ಬೋಲ್ಟುಗಳಿಂದ ಕೂತಿರುತ್ತದೆ. ನಡುವೆ ಒಂದು ಪ್ಯಾಕಿಂಗ್ ಇರುತ್ತದೆ. ಪ್ಯಾಕಿಂಗ್ ಹರಿದರೆ ಗಾಳಿ ಸೋರುತ್ತದೆ. ಇಷ್ಟೇ ಕಥೆ. ಆದರೆ ಡೀಸೆಲ್ ಸೋರಿದರೆ ನೆಲ ಹೇಳುತ್ತದೆ, ನೀರು ಸೋರಿದರೆ ರೇಡಿಯೇಟರ್ ಹೇಳುತ್ತದೆ, ಗಾಳಿ ಸೋರಿದರೆ ಹೇಳುವವರು ಯಾರು? ಗಾಡಿ ಹಳೆಯದಾದಷ್ಟೂ ಈ ರೋಗ ಹೆಚ್ಚು.

ಕೊಲ್ಹಾಪುರದಲ್ಲಿ ನನಗೆ ಕಲಿಸಿದವರು ಬಾಪೂ ಮಿಸ್ತ್ರಿ. ಮರಾಠಿ ಮನುಷ್ಯ, ಸಿಟ್ಟು ಮೂಗಿನ ತುದಿಯಲ್ಲೇ. ಗಾಡಿ ಬಂದ ಕೂಡಲೇ ಬೋಲ್ಟು ಬಿಚ್ಚುವ ಪಾನಾ ಹಿಡಿದು ಓಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಇಂಜಿನ್ನಿನ ಸುತ್ತ ಮೊದಲು ಒಂದು ಸುತ್ತು ಹಾಕಬೇಕು. "ಆಧೀ ಬಘ, ಮಗ ಹಾತ ಲಾವ," ಎನ್ನುತ್ತಿದ್ದರು. ಮೊದಲು ನೋಡು, ಆಮೇಲೆ ಕೈ ಹಚ್ಚು. ಅವಸರ ಮಾಡಿದವನ ಬೆನ್ನಿಗೆ ರಬ್ಬರ್ ಪೈಪಿನ ತುಂಡು ಬೀಳುತ್ತಿತ್ತು. ಆಗ ಪ್ಯಾಕಿಂಗ್‌ಗಳು ಈಗಿನಂತೆ ಪ್ಲಾಸ್ಟಿಕ್ ಚೀಲದಲ್ಲಿ ಸಿದ್ಧವಾಗಿ ಬರುತ್ತಿರಲಿಲ್ಲ. ಪ್ಯಾಕಿಂಗ್ ಹಾಳೆಯನ್ನು ಮ್ಯಾನಿಫೋಲ್ಡಿನ ಮುಖದ ಮೇಲೆ ಹಾಸಿ, ಅಂಚಿನುದ್ದಕ್ಕೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಬೇಕು. ಕಬ್ಬಿಣದ ಅಂಚೇ ಹಾಳೆಯನ್ನು ಕತ್ತರಿಸಿಕೊಡುತ್ತದೆ. ಜೋರಾಗಿ ಹೊಡೆದರೆ ಅಂಚು ಹಾಳು, ತೀರ ಮೆಲ್ಲಗೆ ಹೊಡೆದರೆ ಹಾಳೆ ತುಂಡಾಗದು.

ಇನ್ನೊಂದು ಪಾಠ ಬೋಲ್ಟಿನದು. ಮ್ಯಾನಿಫೋಲ್ಡ್ ಬಿಗಿಯುವಾಗ ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೋಗಬೇಕು, ಅದೂ ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ. ತುದಿಯಿಂದ ಬಿಗಿದರೆ ನಡುವೆ ಉಬ್ಬುತ್ತದೆ. ಒಮ್ಮೆ ಒಬ್ಬ ತುದಿಯಿಂದ ಬಿಗಿದದ್ದನ್ನು ಬಾಪೂ ಮಿಸ್ತ್ರಿ ಚಹಾದಂಗಡಿಯಿಂದಲೇ ನೋಡಿ, ಕುಡಿಯುತ್ತಿದ್ದ ಕಪ್ಪು-ಬಸಿಯನ್ನು ಅಲ್ಲಿಯೇ ಬಿಟ್ಟು ಓಡಿ ಬಂದಿದ್ದರು. ಎಲ್ಲ ಬೋಲ್ಟನ್ನೂ ಬಿಚ್ಚಿಸಿ ಮತ್ತೆ ಹಾಕಿಸಿದರು. ಹೊಗಳುವ ಅಭ್ಯಾಸ ಅವರಿಗೆ ಇರಲಿಲ್ಲ. ನಾನು ಮೊದಲ ಸಲ ಒಂದು ಒಳ್ಳೆಯ ಪ್ಯಾಕಿಂಗ್ ಕತ್ತರಿಸಿದಾಗ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಚಹಾ ಪೀ," ಎಂದರು. ಅವರ ಬಾಯಲ್ಲಿ ಅದು ಶಾಲು ಹೊದಿಸಿದ ಲೆಕ್ಕ. ಆ ಚಹಾದ ರುಚಿ ನನಗೆ ಇನ್ನೂ ನೆನಪಿದೆ, ಸಕ್ಕರೆ ವಿಪರೀತ ಇತ್ತು.

ಗಡಹಿಂಗ್ಲಜದಲ್ಲಿ ಶೆಡ್ ಹಾಕಿದಾಗ ಬರುತ್ತಿದ್ದವೆಲ್ಲ ಟರ್ಬೊ ಇಲ್ಲದ ಹಳೆಯ ಗಾಡಿಗಳು. ಅವು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತವೆ. ಮ್ಯಾನಿಫೋಲ್ಡ್ ಸೋರಿದರೆ ಫಿಲ್ಟರ್ ದಾಟಿ ಬರಬೇಕಾದ ಗಾಳಿ, ಸೋರುವ ಸಂದಿಯಿಂದ ಧೂಳಿನ ಸಮೇತ ಒಳಗೆ ಹೋಗುತ್ತದೆ. ನಮ್ಮ ಕಡೆಯ ಹೊಲದ ದಾರಿಯ ಧೂಳು ಒಳಗೆ ಹೋದರೆ ಪಿಸ್ಟನ್ ರಿಂಗುಗಳಿಗೆ ದೇವರೇ ಗತಿ. ಸೋರುವ ಜಾಗ ಹುಡುಕಲು ನಾನು ಊದುಬತ್ತಿ ಹಚ್ಚುತ್ತಿದ್ದೆ. ಇಂಜಿನ್ ಓಡುತ್ತಿರುವಾಗ ಸಂದಿಯ ಉದ್ದಕ್ಕೂ ಊದುಬತ್ತಿ ಸರಿಸುತ್ತ ಹೋದರೆ, ಸೋರುವ ಕಡೆ ಸಂದಿ ಹೊಗೆಯನ್ನು ಥಟ್ಟನೆ ಒಳಗೆ ಎಳೆದುಕೊಳ್ಳುತ್ತದೆ.

ಉತ್ತೂರಿನ ಮಾಯಪ್ಪಜ್ಜ ಕುರಿ ಸಾಕುವ ಮನೆತನದವನು. ಸಂತೆಗೆ ಕುರಿ ಒಯ್ಯಲು ಒಂದು ಹಳೆಯ ಲಾರಿ ಇಟ್ಟಿದ್ದ. ನಾನು ಊದುಬತ್ತಿ ಹಚ್ಚಿದ್ದನ್ನು ನೋಡಿ ಅಜ್ಜ ಚಪ್ಪಲಿ ಬಿಟ್ಟು, ರುಮಾಲು ಸರಿಮಾಡಿಕೊಂಡು ಕೈ ಮುಗಿದು ನಿಂತ.

"ಯಾವ ದೇವ್ರಿಗಿ ಹಚ್ಚಾಕತ್ತಿ ಮಿಸ್ತ್ರಿ?"

"ದೇವ್ರಿಗಲ್ಲ ಅಜ್ಜಾ, ಗಾಳಿಗಿ."

"ಗಾಳಿನೂ ದೇವ್ರ ಅಲ್ಲೇನು?"

ಅಷ್ಟರಲ್ಲಿ ಹೊಗೆ ಸಂದಿಯೊಳಗೆ ಸುರ್ರೆಂದು ಹೋಯಿತು. ಅಜ್ಜ ಕಣ್ಣರಳಿಸಿ, "ನೋಡ ನೋಡ, ಉಂಡಾನ!" ಎಂದ. ಪ್ಯಾಕಿಂಗ್ ಬದಲಿಸಿದೆ, ಗಾಡಿ ಸುಧಾರಿಸಿತು. ಮುಂದಿನ ಸಲ ಕ್ಲಚ್ ಕೆಟ್ಟಾಗ ಅಜ್ಜ ಕೈಯಲ್ಲಿ ತೆಂಗಿನಕಾಯಿ, ಭಂಡಾರದ ಅರಿಶಿನ, ಒಂದು ಕಟ್ಟು ಊದುಬತ್ತಿ ಹಿಡಿದುಕೊಂಡೇ ಬಂದ. ಕ್ಲಚ್ಚಿಗೆ ಊದುಬತ್ತಿ ಬೇಡ ಎಂದರೆ ಒಪ್ಪಲೊಲ್ಲ. ಕೊನೆಗೆ ಹಚ್ಚಿಯೇ ಕೆಲಸ ಮಾಡಿದೆ. ಗಿರಾಕಿಯ ಸಮಾಧಾನವೂ ರಿಪೇರಿಯ ಒಂದು ಭಾಗ, ಇದನ್ನು ಐಟಿಐಯಲ್ಲಿ ಹೇಳಿಕೊಡುವುದಿಲ್ಲ.

ಆಮೇಲೆ ಟರ್ಬೊ ಬಂತು, ನಮ್ಮ ವಿದ್ಯೆ ತಲೆಕೆಳಗಾಯಿತು. ಟರ್ಬೊ ಗಾಡಿ ಗಾಳಿಯನ್ನು ಎಳೆದುಕೊಳ್ಳುವುದಿಲ್ಲ, ಟರ್ಬೊ ಅದನ್ನು ಒತ್ತಿ ತುಂಬುತ್ತದೆ. ಸೋರಿದರೆ ಗಾಳಿ ಹೊರಗೆ ಹೋಗುತ್ತದೆ. ಊದುಬತ್ತಿ ಮೂಲೆ ಸೇರಿತು, ಸಾಬೂನು ನೀರು ಬಂತು. ಸಂದಿಗೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಆದರೆ ಒಂದು ಮಾತು ನೆನಪಿಡಿ, ನಿಂತಲ್ಲಿ ಓಡುವ ಇಂಜಿನ್ನಿನಲ್ಲಿ ಟರ್ಬೊ ಸುಮ್ಮನಿರುತ್ತದೆ. ಲೋಡು ಬಿದ್ದಾಗ, ಏರು ಹತ್ತುವಾಗ ಮಾತ್ರ ಅದು ಒತ್ತುತ್ತದೆ. ಈ ಮಾತು ನನಗೂ ಗೊತ್ತಿತ್ತು. ಗೊತ್ತಿರುವುದು ಬೇರೆ, ಹೊತ್ತಿಗೆ ನೆನಪಾಗುವುದು ಬೇರೆ.

ಇನ್ನು ಲಗಮಣ್ಣನ ವಿಷಯ. ಇಚಲಕರಂಜಿಯಲ್ಲಿ ದಾನಪ್ಪ ಎಂಬ ಮಗ್ಗದ ಮಾಲಕರಿದ್ದರು. ಮೂಲತಃ ದತ್ತವಾಡದವರು, ತಂದೆಯ ಕಾಲದಲ್ಲಿ ಬಂದು ಮಗ್ಗ ಹಾಕಿದ್ದರು. ಬಟ್ಟೆಯ ಗಂಟು ಸಾಗಿಸಲು ಅವರದೊಂದು ಹಳೆಯ ಟರ್ಬೊ ಲಾರಿ ಇತ್ತು. ಅದರ ಡ್ರೈವರ್ ಲಗಮಣ್ಣ. ಅವನ ಹೆಂಡತಿ ಶಾಂತವ್ವ ದಾನಪ್ಪನವರ ಶೆಡ್ಡಿನಲ್ಲೇ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಇರುವ ಖೋಲಿಯೂ ದಾನಪ್ಪನವರದೇ. ಅಂದರೆ ಆ ಮನೆಯ ಅನ್ನ, ನೆರಳು ಎರಡೂ ಒಬ್ಬನೇ ಮನುಷ್ಯನ ಬಾಗಿಲಲ್ಲಿ ಇದ್ದವು.

ಒಂದು ದಿನ ದಾನಪ್ಪ ಲಗಮಣ್ಣನನ್ನೂ ಲಾರಿಯನ್ನೂ ಒಟ್ಟಿಗೆ ಗ್ಯಾರೇಜಿಗೆ ತಂದರು. ಮುಖ ಗಡಿಗೆಯಷ್ಟು ಊದಿತ್ತು.

"ಮಿಸ್ತ್ರಿ, ಗಾಡಿ ಚೆಕ್ ಮಾಡ್ರಿ. ಇಂವ ಡೀಸೆಲ್ ಭಾಳ ಹತ್ತಾಕತ್ತೈತಿ ಅಂತಾನ. ನಾ ಸ್ವಂತ ಹೊಡಕೊಂಡ ಕೊಲ್ಹಾಪುರಕ್ಕ ಹೋಗಿ ಬಂದೇನಿ, ಅವರೇಜ್ ಬರೋಬರ್ ಬಂದೈತಿ. ನನ್ನ ಕೈಯಾಗ ಬರೋದು ಇಂವನ ಕೈಯಾಗ ಯಾಕ ಬರಂಗಿಲ್ಲ?"

"ನೀವು ಖಾಲಿ ಹೊಡದೀರಿ ಮಾಲಕ್ರ, ನಾ ಭರ್ತಿ ಒಯ್ಯತೇನಿ," ಎಂದ ಲಗಮಣ್ಣ.

"ಭರ್ತಿ ಗಾಡಿ ಲೆಕ್ಕ ನನಗ ಗೊತ್ತಿಲ್ಲೇನು? ದಾರ್ಯಾಗ ಯಾವ ಧಾಬಾಕ್ಕ ಇಳಸ್ತಿ, ಅದನ್ನ ಹೇಳ."

ಲಗಮಣ್ಣ ಡೀಸೆಲ್ ಕದ್ದು ಮಾರುತ್ತಾನೆ ಎಂದು ದಾನಪ್ಪ ಓಣಿಯ ಚಹಾದಂಗಡಿಯಲ್ಲಿ ನಾಲ್ಕು ಜನರ ಮುಂದೆ ಆಗಲೇ ಹೇಳಿಬಿಟ್ಟಿದ್ದರು. ಅದು ಸುತ್ತಲ ಮಗ್ಗದ ಓಣಿಗಳಿಗೆಲ್ಲ ಮುಟ್ಟಿತ್ತು. ಡೀಸೆಲ್ ಕಳ್ಳ ಎಂಬ ಹೆಸರು ಬಿದ್ದ ಡ್ರೈವರನಿಗೆ ಈ ಊರಿನಲ್ಲಿ ಯಾರೂ ಕೀಲಿ ಕೊಡುವುದಿಲ್ಲ. ಮಿಸ್ತ್ರಿ ಗಾಡಿ ಸರಿ ಇದೆ ಎಂದರೆ ಲಗಮಣ್ಣ ಕೀಲಿ ಇಟ್ಟು ಹೋಗಬೇಕು, ಖೋಲಿ ಖಾಲಿ ಮಾಡಬೇಕು. ಇದು ದಾನಪ್ಪನವರ ತೀರ್ಮಾನ.

ನಾನು ಫಿಲ್ಟರ್ ನೋಡಿದೆ, ಸ್ವಚ್ಛ. ನೋಝಲ್ ಬಿಚ್ಚಿ ಪರೀಕ್ಷೆಗೆ ಕಳಿಸಿದೆ, ಸರಿ ಇದ್ದವು. ಪಂಪು ನೋಡಿದೆ. ಇಂಜಿನ್ ಚಾಲೂ ಇಟ್ಟು ಮ್ಯಾನಿಫೋಲ್ಡಿನ ಸಂದಿಗೆ ಸಾಬೂನು ನೀರು ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಇಂಜಿನ್ ಹಾಲು ಕುಡಿದ ಕೂಸಿನ ಹಾಗೆ ಶಾಂತವಾಗಿ ಓಡುತ್ತಿತ್ತು. ಲಗಮಣ್ಣ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. "ಗಾಡಿ ಇಲ್ಲೇ ಇರ್ಲಿ, ನಾಳೆ ನೋಡೋಣು," ಎಂದು ಇಬ್ಬರನ್ನೂ ಕಳಿಸಿದೆ.

ಸಂಜೆಗೆ ಶಾಂತವ್ವ ಬಂದಳು. ಸೆರಗಿಗೆ, ತಲೆಗೆ ಹತ್ತಿಯ ಅರಳೆ ಅಂಟಿಕೊಂಡೇ ಇತ್ತು, ಕೆಲಸ ಮುಗಿಸಿದವಳೇ ನೆಟ್ಟಗೆ ಬಂದಿದ್ದಳು.

"ಮಿಸ್ತ್ರಿ ಕಾಕಾ, ನನ್ನ ಗಂಡ ಕುಡಿತಾನ. ಅದನ್ನ ನಾ ಇಲ್ಲ ಅನ್ನಂಗಿಲ್ಲ. ಸಿಟ್ಟ ಬಂದ್ರ ಗಡಿಗಿ ಒಗಿತಾನ. ಅದೂ ಖರೇನ. ಕದಿಯಂಗಿಲ್ರಿ."

"ನಾ ಕದ್ದಾನ ಅಂತ ಅಂದಿಲ್ಲ ತಂಗಿ."

"ಕದ್ದಿಲ್ಲ ಅಂತಾನೂ ಅಂದಿಲ್ರಲ್ಲ," ಎಂದಳು. ಅಳಲಿಲ್ಲ, ಬೈಯಲಿಲ್ಲ. ಲಾರಿಯ ಕಡೆ ಒಮ್ಮೆ ನೋಡಿ ಹೊರಟುಹೋದಳು. ಅವಳ ಮಾತು ನನಗೆ ಚುಚ್ಚಿತು. ಗಂಡನ ದೋಷಗಳನ್ನು ತಾನೇ ಎಣಿಸಿ ಹೇಳಿದ ಹೆಣ್ಣು ಒಂದನ್ನು ಮಾತ್ರ ಇಲ್ಲ ಎಂದರೆ ಅದು ಇಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ಪಾನಾ ಪಕ್ಕಕ್ಕಿಟ್ಟು, ಬಾಪೂ ಮಿಸ್ತ್ರಿಯ ಹಾಗೆ ಕೈ ಹಿಂದೆ ಕಟ್ಟಿಕೊಂಡು ಇಂಜಿನ್ನಿನ ಮುಂದೆ ನಿಂತೆ. ನಮ್ಮ ಗ್ಯಾರೇಜಿನಲ್ಲಿ ಗಾಡಿ ಬಂದ ಕೂಡಲೇ ಇಂಜಿನ್ ತೊಳೆಯುವುದು ರೂಢಿ. ಈ ಗಾಡಿಯನ್ನು ತೊಳೆದಿರಲಿಲ್ಲ. ಅದು ನನ್ನ ಜಾಣತನ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ನಿಜ ಏನೆಂದರೆ ವಾಶಿಂಗ್ ಪಂಪು ಕೆಟ್ಟಿತ್ತು.

ಮಗ್ಗದ ಓಣಿಯಲ್ಲಿ ನಿಲ್ಲುವ ಗಾಡಿಗಳ ಇಂಜಿನ್ ನೋಡಬೇಕು ನೀವು. ಗಾಳಿಯಲ್ಲಿ ಹಾರುವ ಹತ್ತಿಯ ಅರಳೆ ಮುಂದಿನ ಜಾಲರಿಯೊಳಗಿಂದ ನುಗ್ಗಿ, ಎಣ್ಣೆಯ ಪಸೆಗೆ ಅಂಟಿ, ಇಡೀ ಇಂಜಿನ್ನಿಗೆ ಬೂದು ಕಂಬಳಿ ಹೊದಿಸಿದಂತೆ ಇರುತ್ತದೆ. ಈ ಇಂಜಿನ್ನೂ ಹಾಗೆಯೇ ಇತ್ತು. ಒಂದು ಕಡೆ ಮಾತ್ರ ಇಲ್ಲ. ಮ್ಯಾನಿಫೋಲ್ಡಿನ ನಡುಭಾಗದ ಅಡಿಯಲ್ಲಿ, ಸಂದಿಯ ಎದುರಿಗಿದ್ದ ಪೈಪಿನ ಮೇಲೆ ಅಂಗೈಯಷ್ಟು ಜಾಗ ಗುಡಿಸಿಟ್ಟಂತೆ ಸ್ವಚ್ಛವಾಗಿತ್ತು. ಅಲ್ಲಿಗೆ ಯಾರೂ ಬಟ್ಟೆ ಹಾಕಿ ಒರೆಸಲು ಸಾಧ್ಯವಿಲ್ಲ, ಕೈ ಹೋಗದ ಜಾಗ ಅದು. ಗಾಳಿ ಊದಿ ಊದಿ ಅರಳೆಯನ್ನು ಹಾರಿಸಿತ್ತು. ಖಾಲಿ ಗಾಡಿಯಲ್ಲಿ, ನಿಂತಲ್ಲಿ ಅದು ಊದುವುದಿಲ್ಲ. ಭರ್ತಿ ಗಾಡಿ ಏರು ಹತ್ತುವಾಗ ಮಾತ್ರ ಊದುತ್ತದೆ. ಗಾಳಿ ಕಡಿಮೆಯಾದರೆ ಹಾಕಿದ ಡೀಸೆಲ್ ಪೂರ್ತಿ ಉರಿಯದೆ ಕರಿ ಹೊಗೆಯಾಗಿ ಹೋಗುತ್ತದೆ, ಗಾಡಿ ಎಳೆಯುವುದಿಲ್ಲ, ಡ್ರೈವರ್ ಇನ್ನಷ್ಟು ಒತ್ತುತ್ತಾನೆ. ದಾನಪ್ಪ ಹೇಳಿದ್ದೂ ಸುಳ್ಳಲ್ಲ, ಲಗಮಣ್ಣ ಹೇಳಿದ್ದೂ ಸುಳ್ಳಲ್ಲ.

ನಾನು ಬಿಚ್ಚಲಿಲ್ಲ. ಇಬ್ಬರಿಗೂ ಹೇಳಿ ಕಳಿಸಿದೆ. ಹೊಸಬರು ಇದನ್ನು ಕಲಿಯಬೇಕು. ಇಬ್ಬರ ನಡುವೆ ಜಗಳ ಇದ್ದಾಗ ಗಾಡಿಯನ್ನು ಇಬ್ಬರ ಮುಂದೆಯೇ ಬಿಚ್ಚಬೇಕು. ಇಲ್ಲದಿದ್ದರೆ ಮಿಸ್ತ್ರಿಯೂ ಜಗಳದ ಪಾಲುದಾರನಾಗುತ್ತಾನೆ.

ಅವರು ಬಂದ ಮೇಲೆ ಬೋಲ್ಟುಗಳನ್ನು ತೆಗೆದೆ. ತುದಿಯವು ಕೈ ಮುರಿಯುವಷ್ಟು ಬಿಗಿ, ನಡುವಿನವು ಸಡಿಲ. ಮ್ಯಾನಿಫೋಲ್ಡ್ ಹೊರಗೆ ಬಂತು. ಅದಕ್ಕೆ ಅಂಟಿಕೊಂಡಿದ್ದ ಪ್ಯಾಕಿಂಗನ್ನು ಚಾಕುವಿನಿಂದ ಎಬ್ಬಿಸಿ ಬೆಂಚಿನ ಮೇಲಿಟ್ಟೆ. ಅದು ಪ್ಯಾಕಿಂಗ್ ಹಾಳೆಯೇ ಅಲ್ಲ, ದಪ್ಪ ರಟ್ಟು. ಅದರ ಮೇಲೆ ಸಾಲಾಗಿ ದುಂಡಗಿನ ಸಣ್ಣ ತೂತುಗಳು. ನಡುಭಾಗದಲ್ಲಿ ತೂತಿನ ಸಾಲು ಹಿಡಿದೇ ರಟ್ಟು ಹರಿದು, ನಾಲಿಗೆಯಷ್ಟು ತುಂಡು ಅಲ್ಲಾಡುತ್ತಿತ್ತು. ನನಗೆ ಅದು ಏನೆಂದು ತಿಳಿಯಲಿಲ್ಲ.

ದಾನಪ್ಪ ಬಗ್ಗಿ ನೋಡಿದರು. ಬೆರಳಿನಿಂದ ತೂತುಗಳನ್ನು ಮುಟ್ಟುತ್ತ ಹೋದರು. ಅವರ ಮುಖದ ಬಣ್ಣ ಇಳಿಯಿತು.

"ಇದು ನಮ್ಮ ಕಾರ್ಡ," ಎಂದರು ಮೆಲ್ಲಗೆ. "ಸೀರಿ ಅಂಚಿನ ಡಿಝೈನ್. ಹ್ವಾದ ವರ್ಷ ಬಂದ್ ಮಾಡಿದ್ವಿ."

ಸೀರೆಯ ಅಂಚಿನಲ್ಲಿ ಬಳ್ಳಿ, ಹೂ ಬರಲು ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆ ತಿರುಗುತ್ತದೆ. ಯಾವ ಎಳೆ ಏಳಬೇಕು, ಯಾವುದು ಬೇಡ ಎಂದು ಆ ತೂತುಗಳೇ ಹೇಳುತ್ತವೆ. ಅಂಥ ಹಳೆಯ ಕಾರ್ಡು ಇಂಜಿನ್ನಿನೊಳಗೆ ಹೇಗೆ ಬಂತು ಎಂದು ನಾನು ಕೇಳುವ ಅಗತ್ಯ ಬೀಳಲಿಲ್ಲ. ದಾನಪ್ಪನವರೇ ಹೇಳಿದರು. ಖಂಡೇನವಮಿಯಂದು ಮಗ್ಗಗಳು ಬಂದ್, ಪೂಜೆ. ಲಾರಿಯೂ ನಿಂತಿತ್ತು. ಮ್ಯಾನಿಫೋಲ್ಡ್ ಸ್ವಲ್ಪ ಸೋರುತ್ತಿದೆ ಎಂದು ಲಗಮಣ್ಣ ಹೇಳಿದ್ದ. ಮಗ್ಗ ರಿಪೇರಿ ಮಾಡುವ ಜಾಬರ್ ಪಾಂಡೂ ಖಾಲಿ ಕೂತಿದ್ದ. "ಮಗ್ಗ ಬಿಚ್ಚಾಂವಗ ಲಾರಿ ಏನು ದೊಡ್ಡದು, ನೀನ ಬಿಚ್ಚಿ ಹಾಕು," ಎಂದು ಹೇಳಿದವರು ಸ್ವತಃ ದಾನಪ್ಪ. ಅಂಗಡಿಗಳೆಲ್ಲ ಬಂದ್ ಇದ್ದವು, ಪಾಂಡೂ ಶೆಡ್ಡಿನಲ್ಲಿ ಕೈಗೆ ಸಿಕ್ಕ ಗಟ್ಟಿ ರಟ್ಟನ್ನು ಕತ್ತರಿಸಿ ಕೂರಿಸಿದ್ದ, ಅಲ್ಲಿಗೆ ಮುಗಿಯಿತೆಂದು ಇಬ್ಬರೂ ಅದನ್ನು ಮರೆತಿದ್ದರು. ಅವನ ಕೈ ಕೆಟ್ಟದ್ದಲ್ಲ, ಅಂಚು ನೀಟಾಗಿ ಕತ್ತರಿಸಿದ್ದ. ಮಗ್ಗದವನ ಕಣ್ಣಿಗೆ ಆ ತೂತುಗಳು ದೋಷವಾಗಿ ಕಾಣಲೇ ಇಲ್ಲ, ದಿನವೂ ನೋಡುವುದೇ ಅದನ್ನು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ಲಗಮಣ್ಣ ರಟ್ಟನ್ನು ನೋಡಿದ, ದಾನಪ್ಪನವರನ್ನು ನೋಡಿದ, ಹೊರಗೆ ಹೋಗಿ ಬೀಡಿ ಹಚ್ಚಿದ.

ರಿಪೇರಿಯ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ಹುಡುಗರು ಇದು ಬರೀ ಕಥೆ ಎಂದಾರು. ಮ್ಯಾನಿಫೋಲ್ಡಿನ ಮುಖಕ್ಕೆ ನೆಟ್ಟಗಿನ ಉಕ್ಕಿನ ಪಟ್ಟಿ ಹಿಡಿದು ನೋಡಿದರೆ ನಡುವೆ ಬೆಳಕು ಕಾಣುತ್ತಿತ್ತು. ತುದಿಯಿಂದ ಬಿಗಿದದ್ದರ ಫಲ. ಕೊಲ್ಹಾಪುರದ ವರ್ಕ್‌ಶಾಪಿಗೆ ಒಯ್ದು ಮುಖ ಸಪಾಟು ಮಾಡಿಸಿದೆ. ಹಳೆಯ ಗಾಡಿಗೆ ಹಾಕುತ್ತಿದ್ದ ಹಾಳೆಯ ಪ್ಯಾಕಿಂಗ್ ಬಿಟ್ಟು, ಪದರ ಪದರವಾಗಿ ಬರುವ ತಗಡಿನ ಪ್ಯಾಕಿಂಗ್ ಹಾಕಿದೆ. ಅದು ಒತ್ತಡ ತಡೆಯುತ್ತದೆ. ಬೋಲ್ಟುಗಳೆಲ್ಲ ಹೊಸವು. ಟರ್ಬೊ ಪೈಪಿನ ಹಳೆಯ ಕ್ಲಾಂಪುಗಳನ್ನು ತೆಗೆದು ಅಗಲವಾದ ಗಟ್ಟಿ ಕ್ಲಾಂಪು ಹಾಕಿದೆ. ನಡುವಿನಿಂದ ತುದಿಗೆ ಬಿಗಿದೆ. ಇಂಜಿನ್ ಒಮ್ಮೆ ಕಾಯ್ದು ತಣ್ಣಗಾದ ಮೇಲೆ ಮತ್ತೆ ಬಿಗಿದೆ. ಈ ಎರಡನೆಯ ಸಲದ ಬಿಗಿತವನ್ನು ಸೋಮಾರಿಗಳು ಬಿಡುತ್ತಾರೆ, ಆಮೇಲೆ ಪ್ಯಾಕಿಂಗ್ ಕಂಪನಿಯನ್ನು ಬೈಯುತ್ತಾರೆ.

ಖಾಲಿ ಗಾಡಿಯ ಪರೀಕ್ಷೆ ಬೇಡ ಎಂದೆ. ಗಡಹಿಂಗ್ಲಜಕ್ಕೆ ಹೋಗಬೇಕಾದ ಬಟ್ಟೆಯ ಗಂಟು ಭರ್ತಿ ಹಾಕಿಸಿ, ಲಗಮಣ್ಣನ ಕೈಗೆ ಕೀಲಿ ಕೊಟ್ಟು, ನಾನೂ ದಾನಪ್ಪನವರೂ ಕ್ಯಾಬಿನ್ನಿನಲ್ಲಿ ಕುಳಿತೆವು. ನಿಪ್ಪಾಣಿ ದಾಟಿ ತವಂದಿ ಘಾಟು ಬಂತು. ಹಿಂದೆಲ್ಲ ಗೇರು ಇಳಿಸಿ ಇಳಿಸಿ ಕರಿ ಹೊಗೆ ಬಿಡುತ್ತ ತೆವಳುತ್ತಿದ್ದ ಗಾಡಿ ಗುಂಯ್ ಎಂದು ಏರಿತು. ಕನ್ನಡಿಯಲ್ಲಿ ಹೊಗೆಯೇ ಇಲ್ಲ. ಲಗಮಣ್ಣ ದಾರಿಯ ಮೇಲೆ ಕಣ್ಣಿಟ್ಟು ಹೊಡೆಯುತ್ತಿದ್ದ. ದಾನಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿ ನೋಡಿ ಸಾಕಾಗಿ, "ನೀ ಕದ್ದಿಲ್ಲ ಬಿಡೋ," ಎಂದು ಗೊಣಗಿದರು.

ಗಂಟು ಇಳಿಸಿ ಮರುದಿನ ಮಧ್ಯಾಹ್ನ ಇಚಲಕರಂಜಿಗೆ ಬಂದೆವು. ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ ಲಗಮಣ್ಣ ಕೆಳಗಿಳಿದು, ಕೀಲಿಯನ್ನು ದಾನಪ್ಪನವರ ಕೈಯಲ್ಲಿಟ್ಟ.

"ಯಾಕೋ? ಇನ್ನೇನು? ಗಾಡಿ ರಿಪೇರಿ ಆತಲ್ಲ. ನಾಳಿಂದ ನೀನ ಹೊಡಿ," ಎಂದರು ದಾನಪ್ಪ.

"ಗಾಡಿ ರಿಪೇರಿ ಆತ್ರಿ ಮಾಲಕ್ರ. ನಂದು ಆಗಿಲ್ಲ."

"ಅಂದ್ರ?"

"ಕಳ್ಳ ಅಂತ ಓಣ್ಯಾಗ ಹೇಳಿದ್ರಿ. ಅಲ್ಲ ಅಂತ ಕ್ಯಾಬಿನ್ನಿನಾಗ ಹೇಳಿದ್ರ ಯಾರಿಗಿ ಕೇಳ್ತೈತ್ರಿ?"

ದಾನಪ್ಪ ಹಟದ ಮನುಷ್ಯ, ನೌಕರನ ಮುಂದೆ ಮಣಿದವರಲ್ಲ. ಈಗ ಬೈದು ಕಳಿಸುತ್ತಾರೆ, ಕೆಲಸ ಕೆಟ್ಟಿತು ಎಂದುಕೊಂಡೆ. ಅವರು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದರು. ಆಮೇಲೆ ಶೆಡ್ಡಿನೊಳಗೆ ಹೋಗಿ ಮೇನ್ ಸ್ವಿಚ್ ಕೆಳಗೆ ಎಳೆದರು.

ಪಾಳಿಯ ನಡುವೆ ಮಗ್ಗ ನಿಲ್ಲಿಸುವುದೆಂದರೆ ಆ ಓಣಿಯಲ್ಲಿ ಸಾವಾಗಿರಬೇಕು, ಇಲ್ಲವೇ ಬೆಂಕಿ ಬಿದ್ದಿರಬೇಕು. ಖಡಖಡ ಸದ್ದು ಒಮ್ಮೆಲೇ ನಿಂತು ಕಿವಿ ಬಿಕೋ ಎಂದಿತು. ನೇಕಾರರು ಬಾಗಿಲಿಗೆ ಬಂದರು. ಅಕ್ಕಪಕ್ಕದ ಶೆಡ್ಡಿನವರು, ಚಹಾದಂಗಡಿಯವನು, ಕಂಡಿಕೆ ಸುತ್ತುವ ಹೆಂಗಸರು, ಎಲ್ಲರೂ "ಕಾಯ ಝಾಲ? ಏನಾತು?" ಎನ್ನುತ್ತ ಓಡಿ ಬಂದರು. ಶಾಂತವ್ವ ಹಿಂದಿನ ಬಾಗಿಲಲ್ಲಿ ಗೋಡೆ ಹಿಡಿದು ನಿಂತಳು.

ದಾನಪ್ಪ ಮೆಟ್ಟಿಲ ಮೇಲೆ ನಿಂತರು. ಒಮ್ಮೆ ಗಂಟಲು ಸರಿಮಾಡಿಕೊಂಡರು.

"ಕೇಳ್ರಿ ಎಲ್ಲಾರೂ. ಲಗಮಣ್ಣ ಡೀಸೆಲ್ ಕದ್ದಿಲ್ಲ. ಗಾಡಿ ಕೆಟ್ಟಿತ್ತು, ಕೆಡಿಸಿದಾಂವ ನಾ. ಕಳ್ಳ ಅಂದ ಬಾಯಿನೂ ನಂದ." ಓಣಿಯಲ್ಲಿ ಅರ್ಧ ಮಂದಿ ಮರಾಠಿಯವರು. ಅವರ ಕಡೆ ತಿರುಗಿ, ತಪ್ಪು ತನ್ನದೇ ಎಂದು ಅವರ ಭಾಷೆಯಲ್ಲೂ ಹೇಳಿದರು, "ಲಗಮಣ್ಣಾನ ಡಿಝೆಲ ಚೋರಲ ನಾಹೀ. ಚೂಕ ಮಾಝೀ."

ನನ್ನ ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲು ಹೋದರೆ ಕೈ ತುಂಬ ದಾರಿಯ ಧೂಳು. ಲಗಮಣ್ಣ ಹೆಂಡತಿಯ ಕಡೆ ಒಮ್ಮೆ ನೋಡಿದ. ಮುಂದೆ ಹೋಗಿ ದಾನಪ್ಪನವರ ಮುಷ್ಟಿಯಿಂದ ಕೀಲಿ ತೆಗೆದುಕೊಂಡು ಅಂಗಿಯ ಕಿಸೆಗೆ ಹಾಕಿಕೊಂಡ.

"ಆತ್ರಿ ಮಾಲಕ್ರ, ಇನ್ನ ಮಗ್ಗ ಚಾಲೂ ಮಾಡ್ರಿ," ಎಂದ. "ಮಂದಿ ಕೂಲಿ ಮುರಿಯಾಕತ್ತೈತಿ."